ಹುಸೇನಬಿಯ ದವಾ

ರಕ್ಷಿತಾ, ವಿನಯ, ಹೋದ ಸಲ ಬಂದಾಗ ನೀವಿಬ್ಬರೂ ಅಡುಗೆಮನೆಯ ಅಟ್ಟದಿಂದ ಒಂದು ಸ್ಟೀಲ್ ಬೋಗಾಣಿ ಇಳಿಸಿ, ಬೋರಲು ಹಾಕಿ, ತಳದಲ್ಲಿದ್ದ ಕೆಂಪು ಬರಹ ಓದಲು ನೋಡಿ ಸೋತಿರಿ. ‘ಅಜ್ಜಿ, ಇದು ಯಾವ ಭಾಷೆ?’ ಎಂದು ವಿನಯ ಕೇಳಿದ. ಕನ್ನಡ ಎಂದರೆ ನಗುತ್ತೀರಿ ಎಂದು ಸುಮ್ಮನಾದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಇಂದಿಗೂ ಅಂಜಿಕೆ. ಊರ ಶಾಲೆಯಲ್ಲಿ ಏಳನೆಯ ತನಕ ಕಲಿತ ಅಕ್ಷರವೇ ನನ್ನ ಧೈರ್ಯ. ಅದಕ್ಕೇ ಬರೆಯುತ್ತಿದ್ದೇನೆ.

ಹುಸೇನಬಿ ಬರುವ ಮೊದಲು ಅವಳ ವಾಸನೆ ಬರುತ್ತಿತ್ತು. ಮಲ್ಲಿಗೆಯದಲ್ಲ, ಅತ್ತರಿನದೂ ಅಲ್ಲ. ಮೂಗಿನೊಳಗೆ ಸೂಜಿ ಆಡಿಸಿದಂತಾಗುವ, ಉಗುರಿನ ಬಣ್ಣ ತೆಗೆಯುವ ರಿಮೂವರ್ ವಾಸನೆ. ಮಸ್ಕಿಯಲ್ಲಿ ನಮ್ಮ ಓಣಿಯ ತುದಿಗೇ ಅವಳ ಬಳೆ ಅಂಗಡಿ, ಅಂಗಡಿಯ ಹಿಂದೆ ಮನೆ. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕಾ ಎನ್ನುತ್ತಿದ್ದೆ. ಸೆರಗಿನ ತುದಿಯಲ್ಲಿ ಸದಾ ಒಂದು ಹಿಡಿ ಹತ್ತಿ ಕಟ್ಟಿಕೊಂಡಿರುತ್ತಿದ್ದಳು. ಐದು ಹೊತ್ತು ನಮಾಜು ಮಾಡುವವಳು. ಉಗುರಿಗೆ ಬಣ್ಣವಿದ್ದರೆ ನಮಾಜಿಗೆ ಮೊದಲು ತೊಳೆದ ನೀರು ಉಗುರನ್ನು ಮುಟ್ಟುವುದಿಲ್ಲವೆಂದು ಜನ್ಮದಲ್ಲಿ ಒಮ್ಮೆಯೂ ಬಣ್ಣ ಹಚ್ಚಿದವಳಲ್ಲ. ಬಣ್ಣವನ್ನೇ ಹಚ್ಚದವಳಿಗೆ ಬಣ್ಣ ತೆಗೆಯುವ ನೀರಿನ ಮೇಲೆ ಅಷ್ಟು ಭಕ್ತಿ.

ಭಕ್ತಿ ಹುಟ್ಟಿದ್ದು ಹೀಗೆ. ಸಿಂಧನೂರಿನ ಸಗಟು ವ್ಯಾಪಾರಿಯೊಬ್ಬ ಉಗುರು ಬಣ್ಣದ ಜೊತೆಗೆ ಒಂದು ಪೆಟ್ಟಿಗೆ ರಿಮೂವರನ್ನೂ ಅವಳ ಕೊರಳಿಗೆ ಕಟ್ಟಿದ್ದ. ನಮ್ಮ ಕಡೆ ಹಚ್ಚಿದ ಬಣ್ಣ ತಾನಾಗಿ ಉದುರುವ ತನಕ ಬಿಡುವುದು ರೂಢಿ. ಯಾರೂ ಕೊಳ್ಳಲಿಲ್ಲ. ಚೆಲ್ಲಲು ಮನಸ್ಸಾಗದೆ ಒಂದು ದಿನ ಮನೆಯ ತಟ್ಟೆಗೆ ಅಂಟಿದ್ದ ಬೆಲೆಯ ಚೀಟಿಯ ಮೇಲೆ ಒರೆಸಿ ನೋಡಿದಳು. ಎರಡು ವರ್ಷ ಬೂದಿಗೂ ಬಗ್ಗದ ಅಂಟು ಎರಡು ನಿಮಿಷದಲ್ಲಿ ಬಿಟ್ಟಿತು. ಅಂದಿನಿಂದ ಅದು ರಿಮೂವರ್ ಆಗಿ ಉಳಿಯಲಿಲ್ಲ, ಅವಳ ಬಾಯಲ್ಲಿ ‘ದವಾ’, ಅಂದರೆ ಔಷಧಿ ಆಯಿತು. ನೆಲದ ಪರಸಿ ಕಲ್ಲಿನ ಮೇಲೆ ಪೇಂಟಿನವರು ಉದುರಿಸಿದ ಹನಿಗೆ ದವಾ. ಬಚ್ಚಲ ಗೋಡೆಯ ಬಿಳಿ ಟೈಲ್ಸಿನ ಮೇಲೆ ಮಕ್ಕಳು ಪೆನ್ನಿನಿಂದ ಬರೆದ ಮಗ್ಗಿಗೆ ದವಾ. ಸ್ಟೀಲ್ ಡಬ್ಬಿಯ ಮೇಲೆ ‘ತೊಗರಿ’ ಎಂದು ಬರೆದು, ಕಡಲೆ ತುಂಬಿಟ್ಟವರಿಗೂ ದವಾ.

ಯಾರ ಮನೆಗೆ ಹೋದರೂ ಮೊದಲು ಅವಳ ಹುಕುಂ: ‘ಕಿಟಕಿ ತೆಗೀರಿ, ಒಲಿ ಆರಸ್ರಿ. ಬೆಂಕಿಗೂ ಇದಕ್ಕೂ ಆಗಿಬರಂಗಿಲ್ಲ.’ ಒಲೆ ಆರಿದ್ದನ್ನು ತಾನೇ ಬಗ್ಗಿ ನೋಡಿದ ಮೇಲೆಯೇ ಬಾಟಲಿಯ ಮುಚ್ಚಳ ಬಿಚ್ಚುತ್ತಿದ್ದಳು. ಕೆಲಸ ಮುಗಿದ ಮೇಲೆ ಇನ್ನೊಂದು ಮಾತು: ‘ಬಣ್ಣ ಹೋಗತೈತಿ, ಬುದ್ಧಿ ಬರತೈತಿ.’

ಬುದ್ಧಿ ಅವಳಿಗೂ ಬರಬೇಕಾಗಿತ್ತು. ನಮ್ಮ ಪಡಸಾಲೆಯ ಗಡಿಯಾರದ ಪ್ಲಾಸ್ಟಿಕ್ ಮುಖಕ್ಕೆ ನೊಣದ ಚುಕ್ಕೆ ಕಂಡು, ನಾನು ಬೇಡವೆನ್ನುವಷ್ಟರಲ್ಲಿ ದವಾ ಒರೆಸಿಬಿಟ್ಟಳು. ಪ್ಲಾಸ್ಟಿಕ್ ಕರಗಿ ಬೆಳ್ಳಗಾಯಿತು. ಮಸ್ಕಿಯ ಬಿಸಿಲಿನಲ್ಲಿ ನಾನು ಮಂಜು ಕಂಡದ್ದು ಆ ಒಂದು ಗಡಿಯಾರದೊಳಗೆ ಮಾತ್ರ. ‘ಇರಲಿ ಬಿಡಬೇ ಶಂಕ್ರವ್ವ, ನಿನಗೇನ್ ಬಸ್ ಹಿಡಿಯೂದೈತಿ?’ ಎಂದಳು.

ಓಣಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ಶೋಕಿ ಸಾಮಾನು ಮಾರಿ ಹುಡುಗಿಯರನ್ನು ಕೆಡಿಸುತ್ತಾಳೆಂದು ಹುಸೇನಬಿಯ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುವವರು. ಒಂದು ಮುಂಜಾನೆ ಚಪ್ಪಲಿ ಅಂಟಿಸಲು ಹೋಗಿ ಹೆಬ್ಬೆರಳು ತೋರುಬೆರಳು ಅಂಟಿಸಿಕೊಂಡರು. ವಿಧಿಯಿಲ್ಲದೆ ಅದೇ ಅಂಗಡಿಯಲ್ಲಿ, ಬಳೆಗೆ ಬಂದ ಹುಡುಗಿಯರ ನಡುವೆ, ದವಾದಲ್ಲಿ ತೋಯಿಸಿದ ಹತ್ತಿ ಹಿಡಿದು ಅರ್ಧ ಗಂಟೆ ಕೂತರು. ಬೆರಳು ಬಿಟ್ಟ ಮೇಲೆ ಹುಸೇನಬಿ ಕೇಳಿದಳು: ‘ಮಾಸ್ತರ್ರ, ಇದು ಶೋಕಿ ಸಾಮಾನೇನ್ರಿ, ಅಡಚಣಿಗಾಗೂ ಸಾಮಾನೇನ್ರಿ?’ ಅಂದಿನಿಂದ ಮಾಸ್ತರರು ಮುಖ ತಿರುಗಿಸುವುದನ್ನು ಬಿಟ್ಟರು.

ಅವಳಿಗೆ ಬಗೆಹರಿಯದ ಒಗಟು ಒಂದಿತ್ತು. ‘ನಿಮ್ಮ ಓಣ್ಯಾನ ಹೆಣ್ಮಕ್ಳು ಮದಿವಿ ಸೀಜನ್ ಬಂತಂದ್ರ ಉಗುರಬಣ್ಣ ಒಯ್ತಾರ. ಕೈ ನೋಡಿದ್ರ ಉಗುರು ಬೋಳು. ಕುಡೀತಾರೇನವ್ವಾ?’ ಎಂದು ನನ್ನ ಹತ್ತಿರ ನಗುತ್ತಿದ್ದಳು. ಆ ಬಣ್ಣವೆಲ್ಲ ಹೋಗುತ್ತಿದ್ದದ್ದು ಬಾಂಡೆಗಳ, ಅಂದರೆ ಅಡುಗೆ ಪಾತ್ರೆಗಳ ತಳಕ್ಕೆ. ಮದುವೆ, ತೊಟ್ಟಿಲ ಕಾರ್ಯ ಬಂದರೆ ಓಣಿಯ ಎಲ್ಲ ಮನೆಗಳ ಬಾಂಡೆ ಒಂದೆಡೆ ಸೇರುತ್ತಿದ್ದವು. ಮರಳಿ ಗುರುತು ಸಿಗಲೆಂದು ಗೌಡರ ಮನೆಯ ನೀಲಮ್ಮ ಮೂರು ಕೆಂಪು ಚುಕ್ಕೆ ಇಡುತ್ತಿದ್ದಳು, ಇನ್ನೊಬ್ಬರು ಗುಲಾಬಿ ಗೆರೆ. ಇಷ್ಟು ಸಣ್ಣ ವಿಷಯ ಅವಳಿಗೇಕೆ ತಿಳಿದಿರಲಿಲ್ಲ ಎಂದು ನಾನು ಆಗ ಯೋಚಿಸಲಿಲ್ಲ. ನಾನೂ ನಕ್ಕು ಸುಮ್ಮನಾಗಿದ್ದೆ. ಹಾಗೆ ಸುಮ್ಮನಿದ್ದುದಕ್ಕೆ ಮುಂದೆ ದಂಡ ತೆತ್ತೆ.

ನಮ್ಮ ಬೋಗಾಣಿಯ ತಳದಲ್ಲಿ ಚುಕ್ಕೆ ಇರಲಿಲ್ಲ, ಹೆಸರಿತ್ತು. ಮದುವೆಯಾದ ವರ್ಷ ನಿಮ್ಮ ತಾತ ಹುಸೇನಬಿಯ ಅಂಗಡಿಯಿಂದ ಒಂದು ಕೆಂಪು ಬಣ್ಣದ ಬಾಟಲಿ ತಂದುಕೊಟ್ಟರು. ಅತ್ತೆಗೆ ಅಂಜಿ ನಾನು ಹಚ್ಚಿಕೊಳ್ಳಲಿಲ್ಲ. ಆಗ ಅವರು ಬೋಗಾಣಿ ಬೋರಲು ಹಾಕಿ ‘ಶಂಕ್ರಮ್ಮ’ ಎಂದು ಬರೆದರು. ಜೀವಮಾನವೆಲ್ಲ ನನ್ನನ್ನು ‘ಏ, ಕೇಳಿಲ್ಲಿ’ ಎಂದು ಕರೆದ ಮನುಷ್ಯ ನನ್ನ ಹೆಸರು ಹಿಡಿದದ್ದು ಆ ತಳದಲ್ಲಿ ಮಾತ್ರ. ಮಾಸಿದಾಗಲೆಲ್ಲ ಯುಗಾದಿಗೆ ತಾವೇ ತಿದ್ದುತ್ತಿದ್ದರು. ಅವರು ಹೋದ ಮೇಲೆ ನಾನು ಆ ಬೋಗಾಣಿಯನ್ನು ಒಲೆಗೇರಿಸಲಿಲ್ಲ, ತಳವನ್ನು ಉಜ್ಜಲಿಲ್ಲ. ವಿಧವೆಯ ಉಗುರಿಗೆ ಬಣ್ಣ ಬೇಡವೆಂದವರು ಯಾರೂ ಅವಳ ಬೋಗಾಣಿಯ ತಳ ನೋಡಲಿಲ್ಲ.

ರಕ್ಷಿತಾ, ನಿನ್ನ ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಆಯಿತು. ಬಾಂಡೆ ಸಾಲದೆ ನಾನು ಆ ಬೋಗಾಣಿಯನ್ನೂ ಮೊಸರಿಗೆಂದು ಅಟ್ಟದಿಂದ ಇಳಿಸಿದೆ. ಮರುದಿನ ಮಧ್ಯಾಹ್ನ ದಣಿದು ಮಲಗಿದ್ದಾಗ ಹುಸೇನಬಿ ಅಂಗಡಿ ಮುಚ್ಚಿ, ಯಾರೂ ಕರೆಯದೆ ಬಂದು, ಹಿತ್ತಲಿನಲ್ಲಿ ಗುಡ್ಡೆ ಬಿದ್ದಿದ್ದ ಬಾಂಡೆಗಳನ್ನೆಲ್ಲ ತೊಳೆದಿದ್ದಳು. ನಾನು ಎದ್ದು ಬರುವಷ್ಟರಲ್ಲಿ ಮೂವತ್ತೈದು ಬಾಂಡೆ ಬೋರಲು ಮಲಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಮೂರು ಖಾಲಿ ಬಾಟಲಿ, ಕೆಂಪಗಾದ ಹತ್ತಿಯ ರಾಶಿ.

‘ಏನ್ ಹೊಲಸ ಇಟ್ಟೀರಬೇ! ಒಂದರ ತಳಾನೂ ಸ್ವಚ್ಛ ಇದ್ದಿಲ್ಲ’ ಎಂದಳು, ಹೊಗಳಿಕೆಗೆ ಕಾಯುತ್ತ.

ನಾನು ನನ್ನ ಬೋಗಾಣಿಯನ್ನು ಹುಡುಕಿದೆ. ಹಿಂದೆ ಲಿಂಗಸುಗೂರಿನಿಂದ ತರುವಾಗ ಬಸ್ಸಿನ ಮೇಲಿಂದ ಬಿದ್ದು ಅಂಚು ನೆಗ್ಗಿತ್ತು, ಅದರಿಂದ ಗುರುತು ಸಿಕ್ಕಿತು. ತಳದಲ್ಲಿ ನನ್ನ ಮುಖ ಕಂಡಿತು. ಹೆಸರು ಇರಲಿಲ್ಲ.

ಅಷ್ಟರಲ್ಲಿ ಬಾಂಡೆ ಒಯ್ಯಲು ಹೆಂಗಸರು ಬಂದರು. ನೀಲಮ್ಮ ಒಂದೊಂದನ್ನೇ ತಿರುಗಿಸಿ ನೋಡಿ ಕೂಗಿದಳು: ‘ಅಯ್ಯಯ್ಯ, ಇನ್ನ ಯಾವು ಯಾರ್ವು ಅಂತ ಹ್ಯಾಂಗ ಹೇಳಬೇಕು? ಹುಸೇನಬೀ, ಇಷ್ಟು ವರ್ಷ ಓಣ್ಯಾಗ ಇದ್ದಿ, ಇದು ಗುರ್ತಿನ ಬಣ್ಣ ಅಂತ ಗೊತ್ತಿಲ್ಲೇನು?’

ಹುಸೇನಬಿಯ ಮುಖದ ಮೇಲಿನ ನಗು ನಿಂತಿತು. ‘ಹ್ಯಾಂಗ ಗೊತ್ತಾಗಬೇಕವ್ವಾ? ನಮ್ಮ ಮನಿ ಬಾಂಡೆ ಯಾವತ್ತರ ಬಂದಾವೇನು ನಿಮ್ಮ ಕಾರ್ಯಕ್ಕ?’

ಸಿಟ್ಟಿನಿಂದ ಅಂದದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಹೆಂಗಸರು ಬಾಂಡೆಗಳ ಕಡೆ ನೋಡಿದರು. ನೀಲಮ್ಮನಿಗೆ ಮಾತ್ರ ಆ ಮಾತು ಚುಚ್ಚಿತು. ‘ಅದಕ್ಕ ಬೇಕಂತನ ಒರಸ್ಯಾಳ ನೋಡ್ರಿ!’ ಎಂದಳು.

ಆ ಮಾತು ಓಣಿಯಲ್ಲಿ ಒಂದು ರಾತ್ರಿ ಕಳೆದರೆ ನಿಜವಾಗಿಬಿಡುತ್ತದೆಂದು ನನಗೆ ಗೊತ್ತಿತ್ತು. ಅವಳ ಮೇಲೆ ನನಗೂ ಸಿಟ್ಟಿತ್ತು, ಅಳುವೂ ಇತ್ತು. ಆದರೂ ಬಾಯಿಂದ ಬಂದದ್ದು ಬೇರೆ: ‘ನಾನ ಒರಸು ಅಂದಿದ್ದೆ. ಆಕಿದೇನೂ ತಪ್ಪಿಲ್ಲ.’ ಹತ್ತು ಜನರ ಮುಂದೆ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅದೂ ಸುಳ್ಳು.

ಹೆಂಗಸರು ನನ್ನನ್ನು ಬೈದು, ಅಂದಾಜಿನ ಮೇಲೆ ಬಾಂಡೆ ಹಂಚಿಕೊಂಡರು. ತಮ್ಮ ಹಳೆಯದರ ಬದಲು ಹೊಸದು ಸಿಕ್ಕವರು ಹೆಚ್ಚು ಗುರುತು ಹುಡುಕಲಿಲ್ಲ.

ಸಂಜೆ ಹುಸೇನಬಿ ಬಂದಳು. ‘ಸುಳ್ಳು ಯಾಕ ಹೇಳಿದಿ? ನಿಂದರಾಗ ಏನಿತ್ತು, ಖರೇ ಹೇಳು’ ಎಂದಳು. ಹೇಳಿದೆ. ಅವಳು ಎದ್ದು ಅಂಗಡಿಗೆ ಹೋಗಿ ಒಂದು ಕೆಂಪು ಬಾಟಲಿ ತಂದಳು. ನಾನು ಬರೆಯಲಾರೆ, ಅದು ಅವರ ಅಕ್ಷರ ಎಂದೆ.

‘ನಾ ಅಳಸೀನಿ, ನಾನ ಬರೀತೀನಿ. ನೀ ಪಾಟಿ ಮ್ಯಾಲ ತೋರಸು.’

ಅವಳಿಗೆ ಉರ್ದು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪಾಟಿಯ ಮೇಲೆ ಬಳಪದಿಂದ ನಾನು ಬರೆದದ್ದನ್ನು ನೋಡಿ ನೋಡಿ, ಬಲದಿಂದ ಎಡಕ್ಕೆ, ಕೊನೆಯ ಅಕ್ಷರದಿಂದ ಮೊದಲಿಗೆ, ರಂಗೋಲಿ ಬಿಟ್ಟಂತೆ ಬರೆದಳು. ಒತ್ತಕ್ಷರ ಒಂದು ಕಡೆ ಜಾರಿತು, ಸೊನ್ನೆ ಇನ್ನೊಂದು ಕಡೆ. ವಿನಯ, ನೀನು ಕೇಳಿದ ಭಾಷೆ ಅದು.

ಮುಂದೆ ನೀಲಮ್ಮನ ಮಗನ ಮದುವೆ ಬಂತು. ನಾನು ಹುಸೇನಬಿಯ ಮನೆಗೆ ಹೋಗಿ ಅವಳ ದೊಡ್ಡ ಡಬರಿ ಕೇಳಿದೆ. ಅವಳು ತಳಕ್ಕೆ ಒಂದು ಹಸಿರು ಚುಕ್ಕೆ ಇಟ್ಟು, ಆರುವ ತನಕ ಊದಿ ಕೊಟ್ಟಳು; ನಾನು ಮದುವೆ ಮನೆಗೆ ಒಯ್ದೆ. ನೀಲಮ್ಮ ಅದನ್ನು ತಿರುಗಿಸಿ ಚುಕ್ಕೆ ನೋಡಿದಳು, ನನ್ನನ್ನು ನೋಡಿದಳು. ಮಜ್ಜಿಗೆಗೆ ಅಷ್ಟು ದೊಡ್ಡ ಡಬರಿ ಓಣಿಯಲ್ಲಿ ಇನ್ನೊಂದಿರಲಿಲ್ಲ. ‘ಇಡು ಆ ಕಡೆ’ ಎಂದಳು. ಧರ್ಮಕ್ಕಿಂತ ಮಜ್ಜಿಗೆ ದೊಡ್ಡದಾದದ್ದನ್ನು ನಾನು ಅಂದು ಕಂಡೆ.

ಹೋದ ವರ್ಷ ಅವಳು ಸಿಂಧನೂರಿನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಳು. ನೋಡಲು ಹೋದೆ. ಹತ್ತಿರ ಕೂತರೂ ಆ ವಾಸನೆ ಬರಲಿಲ್ಲ; ಅದಕ್ಕೇ ನನಗೆ ಹೆದರಿಕೆಯಾಯಿತು. ಅವಳು ಹೊದಿಕೆಯೊಳಗಿಂದ ಎರಡೂ ಕೈ ಹೊರಗೆ ತೆಗೆದು ತೋರಿಸಿದಳು. ‘ನೋಡಬೇ, ಉಗುರು ಸ್ವಚ್ಛ ಅದಾವ. ಅಲ್ಲಾನ ಮುಂದ ಹೋಗಾಕ ಒರಸೂದೇನೂ ಉಳಿದಿಲ್ಲ.’ ಆಮೇಲೆ, ‘ನಿನ್ನ ಹೆಸರು ಐತಿಲ್ಲ ಇನ್ನ?’ ಎಂದು ಕೇಳಿದಳು. ಐತಿ ಅಕ್ಕಾ, ಎಂದೆ. ಹದಿನೈದು ದಿನಕ್ಕೆ ಸುದ್ದಿ ಬಂತು.

ಮಕ್ಕಳೇ, ಈ ಹಾಳೆಗಳನ್ನು ಅದೇ ಬೋಗಾಣಿಯೊಳಗೆ ಇಡುತ್ತೇನೆ. ಜೋಪಾನ ಮಾಡಿ. ಪೆನ್ನಿನ ಅಕ್ಷರಕ್ಕೆ ಆ ದವಾ ತಗಲಿದರೆ ನೀರಾಗಿ ಹೋಗುತ್ತದೆ, ದೂರವಿಡಿ. ಬೋಗಾಣಿಯ ಒಳಗೆ ಎಷ್ಟು ಬೇಕಾದರೂ ತಿಕ್ಕಿರಿ. ತಳ ಮಾತ್ರ ಹೊಲಸಾಗಿಯೇ ಇರಲಿ.