ಮಾವಶಿಯ ಜಾಲರಿ ಡಿಶ್

ಆ ಮಳೆಗಾಲದಲ್ಲಿ ಮಾವಶಿಯ ಎರಡೂ ಅಂಗೈ ಕೆಂಪಗಿದ್ದವು. ಮದರಂಗಿಯಲ್ಲ. ಸಾಗವಾನಿಯ ಎಳೆ ಎಲೆಯನ್ನು ಹೊಸೆದರೆ ಕೆಂಪು ಬಣ್ಣ ಬಿಡುತ್ತದೆ, ಎಷ್ಟು ಸೋಪು ತಿಕ್ಕಿದರೂ ಲಗೂನೆ ಹೋಗುವುದಿಲ್ಲ. ಅರವತ್ತು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಉದ್ದನೆಯ ದೋಟಿ ಹಿಡಿದು, ದಿನಾ ಬೆಳಿಗ್ಗೆ ಹಿತ್ತಲಿನ ಮರದ ಎಲೆಗಳನ್ನು ಎಳೆದು ಬೀಳಿಸುತ್ತಿದ್ದಳು. ಏನು ನಡೆಸಿದ್ದೀರಿ ಎಂದು ಕೇಳಿದರೆ, "ಟಿವಿ ರಿಪೇರಿ ನಡದೈತಿ, ನಿನ್ನ ಡ್ಯೂಟಿಗೆ ಹೊತ್ತಾತು ಹೋಗು" ಅನ್ನುತ್ತಿದ್ದಳು.

ನಾನು ಬಸ್ ಕಂಡಕ್ಟರ್. ಬೈಲಹೊಂಗಲ ಕಡೆಯವಳು. ಗಂಡನ ಮನೆಯೊಂದಿಗೆ ಮಾತು ಮುರಿದುಕೊಂಡು, ವರ್ಗ ಮಾಡಿಸಿಕೊಂಡು ದಾಂಡೇಲಿಗೆ ಬಂದಾಗ ಒಂಟಿ ಹೆಂಗಸಿಗೆ ಕೋಣೆ ಕೊಡಲು ನಾಲ್ಕು ಮನೆಯವರು ಮೂಗು ಮುರಿದಿದ್ದರು. ಮಾವಶಿ ನನ್ನ ಟ್ರಂಕನ್ನು ತಾನೇ ಒಳಗೆ ಎಳೆದುಕೊಂಡಳು. ರಕ್ತಸಂಬಂಧವೇನೂ ಇಲ್ಲ. ಮೊದಲ ದಿನ ನಾನು "ಅಮ್ಮಾರ" ಎಂದು ಕರೆದೆ. "ಸೂಜಿ ಚುಚ್ಚೂ ಅಮ್ಮಾರು ದವಾಖಾನ್ಯಾಗ ಇರತಾರ. ನನಗ ಮಾವಶಿ ಅನ್ನು" ಎಂದಳು. ಮಾವಶಿ ಅಂದರೆ ಚಿಕ್ಕಮ್ಮ. ನನ್ನ ಸಂಸಾರದ ಬಗ್ಗೆ ಅವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಹಗಲೆಲ್ಲ ಪ್ರಯಾಣಿಕರ ಜೊತೆ ಚಿಲ್ಲರೆಗಾಗಿ ಬಡಿದಾಡಿ ಬರುವ ನನಗೆ ಅದೇ ದೊಡ್ಡ ಉಪಕಾರವಾಗಿತ್ತು.

ಮಾವಶಿಯ ಗಂಡ ಧಾರವಾಡ ಕಡೆಯ ಹಳ್ಳಿಯಿಂದ ಕಾಗದದ ಕಾರ್ಖಾನೆಗೆ ದುಡಿಯಲು ಬಂದವರು. ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿಲ್ಲ. ಒಂದು ಕಾಲಕ್ಕೆ ಕಾರ್ಮಿಕರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳಂತೆ, ನಾನು ಬರುವ ಹೊತ್ತಿಗೆ ಹಳೇ ಸೀರೆ ತುಂಡುಗಳ ಕೌದಿ ಹೊಲಿಯುತ್ತಿದ್ದಳು. ಹೊಲಿಯುತ್ತ ಸೂಜಿಯ ಜೊತೆ ಮಾತು, ಒಲೆಯ ಮುಂದೆ ಹಾಲಿನ ಜೊತೆ ಮಾತು. ಹಾಲು ಉಕ್ಕಿದರೆ "ನಿನಗೇನ ಅವಸರ ಆಗಿತ್ತ" ಎಂದು ಅದನ್ನೇ ಬೈಯುತ್ತಿದ್ದಳು. ನಾನು ನಕ್ಕರೆ, "ಮಾತಿಲ್ಲದ ಮನಿ ಗ್ವಾಡಿ ಲಗೂನ ಬಿರಕ ಬಿಡತಾವ, ನಗಬ್ಯಾಡ" ಅನ್ನುತ್ತಿದ್ದಳು. ಆಕೆಯ ಮನೆಯ ಗೋಡೆಗಳೂ ಬಿರುಕು ಬಿಟ್ಟಿದ್ದವು ಎಂಬುದು ಬೇರೆ ಮಾತು.

ಆಕೆಗೆ ಲೋಕದಲ್ಲಿ ಉಳಿದಿದ್ದವಳು ಒಬ್ಬಳೇ ತಂಗಿ. ನಾನು ಆಕೆಯನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ಚಿಗವ್ವನ ಗಂಡ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು, ಅಣಶಿಯ ಈಚೆಗಿನ ಒಂದು ಸಣ್ಣ ಊರಲ್ಲಿ ತುಂಡು ಗದ್ದೆ ಮಾಡಿ ಅಲ್ಲಿಯೇ ಮಣ್ಣಾದವರು. ಸುತ್ತ ಎಲ್ಲ ಕೊಂಕಣಿ ಮಾತಾಡುವ ಮನೆಗಳು. ಮೊಬೈಲ್ ಇಟ್ಟುಕೊಂಡರೂ ಉಪಯೋಗವಿಲ್ಲ, ಆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಅಕ್ಕ ತಂಗಿ ಸೇರುವುದು ವರ್ಷಕ್ಕೊಮ್ಮೆ, ನಾಗರ ಪಂಚಮಿಗೆ. ಅವರ ತವರುಮನೆ ಯಾವಾಗಲೋ ಬಿದ್ದುಹೋಗಿದ್ದರಿಂದ ಅಕ್ಕನ ಮನೆಯೇ ತಂಗಿಗೆ ತವರು. ಶೇಂಗಾ ಉಂಡಿ, ಎಳ್ಳುಂಡಿ, ಬಾಗಿಲ ತೊಲೆಗೆ ಕಟ್ಟಿದ ಒಂದು ಜೋಕಾಲಿ. ಇಬ್ಬರೂ ಮುದುಕಿಯರು ಪಾಳಿಯ ಮೇಲೆ ಜೀಕುತ್ತಿದ್ದರು.

"ಇಬ್ಬರೂ ಒಂದ ಮನ್ಯಾಗ ಇರಬಾರದೇನ್ರಿ?" ಎಂದು ಒಂದು ಪಂಚಮಿಯಲ್ಲಿ ಕೇಳಿದೆ.

"ಎಮ್ಮಿ ಬಿಟ್ಟು ಆಕಿ ಬರಾಂಗಿಲ್ಲ. ಗಂಡನ ಗೋರಿ ಬ್ಯಾರೆ ಅಲ್ಲೇ ಐತಿ. ನಾನರ ಈ ಮನಿ ಬಿಟ್ಟು ಎಲ್ಲಿ ಹೋಗಲಿ?" ಎಂದಳು ಮಾವಶಿ. ಆಮೇಲೆ ತಾನೇ ನಕ್ಕು, "ಮತ್ತ ಮೂರನೇ ದಿನಕ್ಕ ನಮಗ ಉಪ್ಪಿನ ಮ್ಯಾಲೆ ಜಗಳ ಬರತೈತಿ. ಆಕಿಗೆ ಎಲ್ಲಾದಕ್ಕೂ ಉಪ್ಪು ಜಾಸ್ತಿ" ಎಂದಳು.

ಅದೇ ಪಂಚಮಿಯಲ್ಲಿ ಡಿಶ್ಶಿನ ಹುಚ್ಚು ಹತ್ತಿದ್ದು. ಚಿಗವ್ವನ ಮನೆಯ ಹಿಂದೆ ಗಂಡನ ಕಾಲದ್ದೊಂದು ದೊಡ್ಡ ಜಾಲರಿ ಡಿಶ್ ಇತ್ತು. ತಿಂಗಳ ರೀಚಾರ್ಜ್ ಇಲ್ಲ, ಪುಕ್ಕಟೆ ಚಾನೆಲ್ಲುಗಳು. ಅವುಗಳಲ್ಲಿ ಒಂದರಲ್ಲಿ ಸಂಜೆ ಏಳಕ್ಕೆ ಊರೂರ ಭಜನಾ ಮೇಳದವರು ಬಂದು ಹಾಡುತ್ತಾರೆ, ಕನ್ನಡ ಕೇಳಲು ತನಗೆ ಅದೊಂದೇ ಗತಿ ಎಂದಳು ಚಿಗವ್ವ. ಮಾವಶಿ ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿದಳು. "ನಾನೂ ಏಳಕ್ಕ ಅದನ್ನ ಹಚ್ಚಿದ್ರ, ಇಬ್ಬರೂ ಕೂಡಿ ಕುಂತಂಗ ಆಗತೈತಲ್ಲ?"

ಆ ಚಾನೆಲ್ ನಮ್ಮ ಓಣಿಯವರ ಪುಟ್ಟ ಡಿಶ್ಶುಗಳಲ್ಲಿ ಬರುತ್ತಿರಲಿಲ್ಲ. ಮಾವಶಿ ಸಿಕ್ಕವರನ್ನೆಲ್ಲ ಕೇಳಿ, ಅಂಬಿಕಾನಗರದ ಕ್ವಾರ್ಟರ್ಸಿನಿಂದ ವರ್ಗವಾಗಿ ಹೋಗುವವರೊಬ್ಬರ ಹಳೇ ಡಿಶ್ ಪತ್ತೆ ಮಾಡಿದಳು. ಬೇಸಿಗೆಯಲ್ಲಿ ಅದು ಟೆಂಪೋದಲ್ಲಿ ಬಂದಿಳಿಯಿತು. ಎರಡು ಆಳು ಹಿಡಿಯಬೇಕಾದಷ್ಟು ದೊಡ್ಡ ಜರಡಿ. ಹಿತ್ತಲಲ್ಲಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ಕಾಂಕ್ರೀಟ್ ಹಾಕಿ, ಅದು ಒಣಗಿದ ಮೇಲೆ ಡಿಶ್ ಮಿಸ್ತ್ರಿ ಬಂದ. "ಬರತೈತೇನಪಾ?" ಎಂದರೆ "ಬಂದ್ರ ಬರತೈತ್ರಿ, ಇಲ್ಲಂದ್ರ ನೋಡೂಣು" ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಅಸಾಮಿ. ಅವನು ಹಿತ್ತಲಲ್ಲಿ ಡಿಶ್ ತಿರುಗಿಸುವುದು, ನಾನು ಟಿವಿಯ ಮುಂದೆ ನಿಂತು ಕೂಗುವುದು, ಬಾಗಿಲಲ್ಲಿ ನಿಂತ ಮಾವಶಿ ನನ್ನ ಕೂಗನ್ನು ಇನ್ನೂ ಜೋರಾಗಿ ದಾಟಿಸುವುದು. "ಬಂತು... ಹೋತು... ಹೊಳ್ಳಿ ತಿರುವು... ಬಂತು, ಬಿಡಬ್ಯಾಡ, ಕೈ ಬಿಡಬ್ಯಾಡ." ಬಸ್ಸಿನಲ್ಲಿ ಕೂಗಿ ಗಟ್ಟಿಯಾದ ನನ್ನ ಗಂಟಲೂ ಅವತ್ತು ಸೋತಿತು.

ಸಂಜೆ ಮಾವಶಿ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಟಿವಿಯ ಮುಂದೆ ಕೌದಿ ಹಾಸಿ ಕುಳಿತಳು. ನಾನು ಪಕ್ಕದಲ್ಲಿ ಕೂರಲು ಹೋದರೆ, "ಅಲ್ಲಿ ಬ್ಯಾಡ, ಈ ಕಡೀಕ ಬಾ" ಎಂದು ಇನ್ನೊಂದು ಬದಿಗೆ ಕೂರಿಸಿದಳು. ಆ ಕಡೆ ತಂಗಿಯ ಜಾಗ. ಭಜನೆ ಶುರುವಾದ ಮೇಲೆ ಖಾಲಿ ಕೌದಿಯ ಕಡೆ ವಾಲಿ, "ಪೇಟಿ ಬಾರಸಾವನ ಟೊಪಗಿ ನೋಡಲೇ" ಎಂದು ಸಣ್ಣಗೆ ನಕ್ಕಳು. ನನಗೆ ಮೊದಲು ನಗು ಬಂತು, ಆಮೇಲೆ ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತೆ. ನನಗೆ ಹಾಗೆ ಜಾಗ ಹಿಡಿದಿಡಲು ಯಾರೂ ಇರಲಿಲ್ಲ.

ಆಗ ನನ್ನ ಪಾಳಿ ಕಾರವಾರದ ಬಸ್ಸಿಗೆ. ಮಧ್ಯಾಹ್ನ ಚಿಗವ್ವನ ಊರಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಮಾವಶಿ ಬೆಳಿಗ್ಗೆ ಬುತ್ತಿಯ ಜೊತೆ ಒಂದು ಮಾತೂ ಕಟ್ಟಿಕೊಡುತ್ತಿದ್ದಳು. "ಆ ಟೊಪಗಿಯವ ತಾಳ ತಪ್ಪಿದ್ದು ನೋಡಿದ್ಯಾ ಅಂತ ಕೇಳು." ನಾನು ಬಸ್ಸಿನ ಮೆಟ್ಟಿಲ ಮೇಲಿಂದ ಕೇಳುತ್ತಿದ್ದೆ. ಕೊಡೆ ಹಿಡಿದು ನಿಂತ ಚಿಗವ್ವ ನಗುತ್ತಿದ್ದಳು. ಮೊದಮೊದಲು ಆಕೆಯಿಂದಲೂ ಮಾತು ಬರುತ್ತಿತ್ತು, ಆ ಮೇಳದವರು ನಮ್ಮ ಕಡೆಯವರು ಇರಬೇಕು ಎಂದೋ, ಢೋಲು ಬಾರಿಸುವವಳು ನಮ್ಮ ಅತ್ತೆಯ ಹಾಗಿದ್ದಾಳೆ ಎಂದೋ. ಮಳೆ ಹಿಡಿದ ಮೇಲೆ ಒಂದೇ ಉತ್ತರ: "ನೋಡೀನಿ ಅಂತ ಹೇಳು." ಡ್ರೈವರ್ ಹಾರ್ನ್ ಬಾರಿಸುತ್ತಿದ್ದ, ನಾನು ಸೀಟಿ ಊದುತ್ತಿದ್ದೆ. ಎರಡು ನಿಮಿಷದ ನಿಲುಗಡೆಯಲ್ಲಿ ಯಾರ ಮುಖವನ್ನು ಎಷ್ಟು ನೋಡಲಾಗುತ್ತದೆ.

ಇತ್ತ ನಮ್ಮಲ್ಲಿ ಮೊದಲ ನಾಲ್ಕು ಮಳೆ ಬೀಳುತ್ತಲೇ ಚಿತ್ರ ಚೌಕಚೌಕವಾಗಿ ಒಡೆಯತೊಡಗಿತು. ವಾರದಲ್ಲಿ ಪೂರಾ ಕಪ್ಪಾಯಿತು. ಆದರೂ "ಆಕಿಗೆ ಹೇಳಬ್ಯಾಡ" ಎಂದು ತಾಕೀತು ಮಾಡಿ, ಮಾವಶಿ ದಿನಾ "ನಿನ್ನಿ ಭಜನಿ ನೋಡಿದ್ಯಾ ಅಂತ ಕೇಳು" ಎಂದೇ ಕಳಿಸುತ್ತಿದ್ದಳು. ಮಿಸ್ತ್ರಿ ಡಬ್ಬಿ ಸರಿಯಿಲ್ಲ ಎಂದ, ವೈರ್ ಸರಿಯಿಲ್ಲ ಎಂದ, ಕರೆಂಟ್ ಸರಿಯಿಲ್ಲ ಎಂದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಕಡೆಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ತಲೆಯೆತ್ತಿದ ನನಗೇ ಹೊಳೆಯಿತು. ನಾವು ಡಿಶ್ ನಿಲ್ಲಿಸಿದ್ದು ಸಾಗವಾನಿ ಬೋಳಾಗಿ ನಿಂತಿದ್ದಾಗ. ಕಡ್ಡಿಗಳ ನಡುವೆ ಅಷ್ಟಗಲ ಆಕಾಶ ಕಾಣುತ್ತಿತ್ತು. ಈಗ ಒಂದೊಂದು ಎಲೆ ಒಂದೊಂದು ಮೊರದಷ್ಟಾಗಿ, ಡಿಶ್ಶಿನ ಮುಖಕ್ಕೆ ಚಪ್ಪರ ಹಾಕಿದಂತಾಗಿತ್ತು. ಹುಟ್ಟಿದಾಗಿನಿಂದ ಸಾಗವಾನಿ ನೋಡಿದ ಮಿಸ್ತ್ರಿಗಾಗಲಿ, ಅದರ ಕೆಳಗೇ ಬಾಳಿದ ಮಾವಶಿಗಾಗಲಿ ಬೇಸಿಗೆಯಲ್ಲಿ ಇದು ನೆನಪಾಗಿರಲಿಲ್ಲ.

ಓಣಿಯವರು ಒಂದು ಟೊಂಗೆ ಸದ್ದಿಲ್ಲದೆ ಕಡಿದುಬಿಡಿ ಎಂದರು. ಸಾಗವಾನಿ ನಮ್ಮ ಹಿತ್ತಲಲ್ಲಿ ಬೆಳೆದರೂ ಅಪ್ಪಣೆಯಿಲ್ಲದೆ ಕೊಡಲಿ ಹಚ್ಚುವಂತಿಲ್ಲ. "ಗಾರ್ಡ್ ಸಾಹೇಬರ ಹೇಣತಿಯ ಅಕ್ಕ ನಾನು. ನಾನು ಸಾಗವಾನಿ ಕಳ್ಳಿ ಆಗಲೇನು?" ಎಂದಳು ಮಾವಶಿ. ಅಲ್ಲಿಂದ ಶುರುವಾಯಿತು ದೋಟಿಯ ಕೆಲಸ. ಒಂದು ಎಲೆ ಕಿತ್ತರೆ ಮೇಲೆ ಹತ್ತು. ನಾನು ಸಿಟ್ಟಿಗೆದ್ದೆ. "ಸಾಕ ಬಿಡ್ರಿ ಮಾವಶಿ. ನಾಕು ತಿಂಗಳು ಟಿವಿ ಇಲ್ಲಂದ್ರ ಏನು ಆಕಾಶ ಬೀಳತೈತಿ?"

ಆಕೆ ದೋಟಿ ಕೆಳಗಿಟ್ಟಳು. "ಆಕಿ ಅಲ್ಲಿ ಏಳಕ್ಕ ಒಬ್ಬಾಕಿನ ಕುಂತಿರತಾಳಲ್ಲ" ಎಂದಳು. "ನಾ ಇಲ್ಲೆ ಸುಮ್ನ ಉಂಡು ಮಲಗಲೇನು?"

ನಾನು ಕೆಳಗೆ ಬಿದ್ದ ಎಲೆಗಳನ್ನು ಗುಡ್ಡೆ ಹಾಕತೊಡಗಿದೆ. ಪಂಚಮಿ ಹತ್ತಿರ ಬರುತ್ತಿತ್ತು. ಮಾವಶಿ ಹಿತ್ತಲಿನ ಕಾಂಕ್ರೀಟ್ ಒಡೆಸಿ, ಸುರಿಯುವ ಮಳೆಯಲ್ಲಿ ಡಿಶ್ಶನ್ನು ಮನೆಯ ಮುಂದಿನ ಅಂಗಳಕ್ಕೆ ತರಿಸಿದಳು. ಅಲ್ಲಿ ಮಾತ್ರ ಮೇಲೆ ಮರವಿರಲಿಲ್ಲ. ಅಂಗಳವೋ ಎರಡು ಹೆಜ್ಜೆಯದ್ದು. ರಂಗೋಲಿ ಹಾಕುವ ಜಾಗ ಹೋಯಿತು, ಬಾಗಿಲಿಗೆ ಬರುವವರು ಓರೆಯಾಗಿ ನುಸುಳಬೇಕಾಯಿತು. ಜನ ನಕ್ಕರು. ಆದರೆ ಏಳು ಗಂಟೆಗೆ ಹಾಡು ಬಂತು. ಮಾವಶಿ ಒದ್ದೆ ತಲೆಯಲ್ಲೇ ಕೌದಿಯ ಮೇಲೆ ಕುಳಿತು, "ತಡಾ ಆತು ನಮ್ಮವ್ವಾ, ಬೈಬ್ಯಾಡ" ಎಂದು ಆ ಖಾಲಿ ಜಾಗಕ್ಕೆ ಹೇಳಿದಳು.

ಪಂಚಮಿಗೆ ಬಂದ ಚಿಗವ್ವ ಅಂಗಳದಲ್ಲಿ ಡಿಶ್ಶಿನ ಮುಂದೆ ಬಹಳ ಹೊತ್ತು ನಿಂತಳು. ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಅಕ್ಕನ ಪ್ರೀತಿಗೆ ಎಂದುಕೊಂಡೆ. ಆ ಸಲ ಇಬ್ಬರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಭಜನೆ ನೋಡಿದರು. ಮೂರನೇ ದಿನ ಉಪ್ಪಿನ ಜಗಳವೂ ಆಗಲಿಲ್ಲ, ಚಿಗವ್ವ ಹಾಕಿದ್ದನ್ನು ತೆಪ್ಪಗೆ ಉಂಡಳು.

ಮುಂದಿನ ವರ್ಷದ ಚಳಿಗಾಲದಲ್ಲಿ ಮಾವಶಿ ಹೋದಳು. ಕೌದಿ ಹೊಲಿಯುತ್ತ ಕುಳಿತಲ್ಲೇ ಗೋಡೆಗೆ ಒರಗಿದ್ದಳು. ಸುದ್ದಿ ತಿಳಿಸಲು ಫೋನ್ ಇಲ್ಲದ ಊರು, ನಾನೇ ರಜೆ ಹಾಕಿ ಮೊದಲ ಬಸ್ಸಿಗೆ ಹೋಗಿ ಚಿಗವ್ವನನ್ನು ಕರೆತಂದೆ. ದಾರಿಯುದ್ದಕ್ಕೂ ಆಕೆ ಅಳಲಿಲ್ಲ, ನನ್ನ ಕೈ ಮಾತ್ರ ಬಿಡಲಿಲ್ಲ. ಮಣ್ಣು ಮಾಡಿ, ದಿನಕರ್ಮ ಮುಗಿದ ಮೇಲೆ ಆಕೆಯನ್ನು ಊರಿಗೆ ಬಿಟ್ಟುಬರಲು ಹೋದೆ. ಎಮ್ಮೆಯನ್ನು ಪಕ್ಕದ ಮನೆಯವರು ನೋಡಿಕೊಂಡಿದ್ದರು. ವಾಪಸ್ ಬಸ್ಸಿಲ್ಲದ್ದರಿಂದ ಅವತ್ತು ಅಲ್ಲೇ ಉಳಿದೆ.

ದೀಪ ಹಚ್ಚುವ ಹೊತ್ತಾಯಿತು. ಚಿಗವ್ವ ಒಲೆ ಸಣ್ಣ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಟಿವಿಯ ಮುಂದೆ ಹೋಗಿ ಕುಳಿತಳು. ಹಚ್ಚಿಕೊಡಲೆಂದು ನಾನು ಎದ್ದೆ.

"ಅದು ಹತ್ತೂದಿಲ್ಲವ್ವ" ಎಂದಳು. "ಹ್ವಾದ ವರ್ಷ ಮೊದಲ ಮಳಿಗೆ ಸಿಡಲು ಹೊಡದು ಎಲ್ಲಾ ಸುಟ್ಟೈತಿ. ಜೋಯಿಡಾದ ಮಿಸ್ತ್ರಿ ಬರತೇನಿ ಬರತೇನಿ ಅಂದ, ಬರಲಿಲ್ಲ."

"ಮತ್ತ ದಿನಾ ನೋಡೀನಿ ಅಂತ ಹೇಳತಿದ್ರೆಲ್ಲ ಚಿಗವ್ವಾ?"

"ಪಂಚಮಿಗೆ ಹೇಳಬೇಕಂತ ಬಂದಿದ್ನಿ. ಬಂದು ನೋಡಿದ್ರ ಅಕ್ಕ ನನ್ನ ಸಲುವಾಗಿ ಬಾಗಲಾನ ಮುಚ್ಚಿಕೊಂಡು ಕುಂತಾಳ. ನನ್ನ ಟಿವಿ ಸುಟ್ಟೈತಿ ಅಂತ ಯಾವ ಬಾಯಿಲೆ ಹೇಳಲಿ?" ಕಪ್ಪು ಗಾಜಿನ ಮೇಲಿನ ಧೂಳನ್ನು ಒರೆಸುತ್ತ ಹೇಳಿದಳು. "ಅದಕ್ಕ ಏಳಾದ ಕೂಡ್ಲೆ ಇಲ್ಲೆ ಬಂದು ಕುಂದರತಿದ್ನಿ. ಆಕಿ ನನ್ನ ಕೂಡ ಮಾತಾಡತಿರತಾಳ, ನಾ ಇಲ್ಲಂದ್ರ ಹೆಂಗ?"

ಹೊರಗೆ ಎಮ್ಮೆ ಒಂದು ಸಲ ಕೂಗಿ ಸುಮ್ಮನಾಯಿತು. ಚಿಗವ್ವ ನನ್ನ ಕಡೆ ತಿರುಗಿ ಕೇಳಿದಳು.

"ಇನ್ನ ಮ್ಯಾಲೆ ಏಳಕ್ಕ ನಾ ಏನ ಮಾಡಲಿ, ತಂಗಿ?"

ನಾನು ಆಕೆಯ ಪಕ್ಕದಲ್ಲಿ ಕುಳಿತೆ. ಭಜನೆ ಮುಗಿಯುವ ಹೊತ್ತಿನವರೆಗೂ ನಾವಿಬ್ಬರೂ ಅಲ್ಲಿಂದ ಎದ್ದು ಹೋಗಲಿಲ್ಲ.