ಅಳತೆ ರವಿಕೆ

ಹೊಸ ರವಿಕೆಯೊಂದನ್ನು ಕೊಂಡು ತಂದು, ಮೂರು ಸಲ ಒಗೆದು, ಬಿಸಿಲಿಗೆ ಹಾಕಿ, ಬೇಕೆಂದೇ ಹಳತು ಮಾಡಿದ ಹೆಂಗಸು ಬೆಳ್ತಂಗಡಿ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಹುಚ್ಚು ಎಂದು ನಗಬೇಡಿ, ನನ್ನ ಕಷ್ಟ ನನಗೆ.

ಹೊಲಿಸಿಕೊಳ್ಳುವವರಿಗೆಲ್ಲ ಗೊತ್ತಿರುವಂತೆ, ನಮ್ಮ ಕಡೆಯ ಟೈಲರುಗಳು ಟೇಪನ್ನು ನಂಬುವುದಿಲ್ಲ. ಅದು ಕುತ್ತಿಗೆಯಲ್ಲಿ ಅಲಂಕಾರಕ್ಕೆ ನೇತಾಡುತ್ತದೆ, ಅಷ್ಟೆ. ಬಟ್ಟೆ ಮುಂದಿಟ್ಟ ಕೂಡಲೇ ಕೇಳುವುದು, "ಅಳತೆ ರವಿಕೆ ತಂದಿದ್ದೀರಾ?" ಎಂದು. ಅಂದರೆ ನಿಮ್ಮ ಮೈಗೆ ಸರಿಯಾಗಿ ಕೂತ ಹಳೆಯ ರವಿಕೆ. ಹೊಸದು ಅದರ ಮೇಲೆ ಹುಟ್ಟುತ್ತದೆ. ಹಾಗಾದರೆ ಎಲ್ಲಕ್ಕಿಂತ ಮೊದಲಿನ ರವಿಕೆ ಯಾವ ಅಳತೆಯಲ್ಲಿ ಹುಟ್ಟಿತು ಎಂದು ನಾನು ತುಂಬ ಯೋಚಿಸಿದ್ದೇನೆ. ವೇದಾಂತಿಗಳು ಜಗತ್ತಿನ ಮೂಲವನ್ನು ಹುಡುಕಿದರು, ರವಿಕೆಯ ಮೂಲವನ್ನು ಯಾರೂ ಹುಡುಕಿದಂತಿಲ್ಲ. ಅವರಿಗೆ ಅದರ ಅಗತ್ಯ ಬಂದಿರಲಿಕ್ಕಿಲ್ಲ.

ನನಗೆ ಬಂತು. ಬೆಳ್ತಂಗಡಿಯಲ್ಲಿ ಮದುವೆ ಕಾಗದ, ಅರ್ಜಿ ಟೈಪು ಮಾಡಿಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ಮೂವತ್ತಾರು ವರ್ಷ ಊರಿನ ಕಣ್ಣಿಗೆ ಗಂಡಸಾಗಿದ್ದೆ. ಎರಡು ವರ್ಷದಿಂದ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಾ, ನಾನು ಒಳಗೆ ಯಾವಾಗಲೂ ಆಗಿದ್ದ ಹೆಂಗಸಾಗಿ ಹೊರಗೂ ಬದುಕುತ್ತಿದ್ದೇನೆ. ಮೀನಿನವಳು "ಅಕ್ಕಾ, ಬಂಗುಡೆ ಉಂಟು" ಎಂದಾಗ ಬೇಡದಿದ್ದರೂ ಕೊಂಡುಬಿಡುತ್ತೇನೆ. ಹಾಗೆ ತಿಂದ ಬಂಗುಡೆಗೆ ಲೆಕ್ಕವಿಲ್ಲ. ದಿನ ನಡೆಯುತ್ತಿದ್ದದ್ದು ಚೂಡಿದಾರದಲ್ಲಿ, ಅದು ರೆಡಿಮೇಡ್ ಸಿಗುತ್ತದೆ, ಯಾರೂ ಅಳತೆ ಕೇಳುವುದಿಲ್ಲ.

ಆಗ ಮೂಡುಬಿದಿರೆಯಿಂದ ಅಮ್ಮನ ಫೋನು ಬಂತು. ತಮ್ಮ ಅಲ್ಲಿ ಹೊಸ ಮನೆ ಕಟ್ಟಿದ್ದಾನೆ, ಅಮ್ಮ ಅವನ ಜೊತೆಗೇ ಇದ್ದಾಳೆ. "ಮನೆ ಒಕ್ಕಲಿಗೆ ಬಾ" ಎಂದು ಗೃಹಪ್ರವೇಶಕ್ಕೆ ಕರೆದಳು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿದಿದೆ. ಎರಡು ವರ್ಷದಲ್ಲಿ ಅಮ್ಮ ನನ್ನನ್ನು ಬಿಟ್ಟಿರಲಿಲ್ಲ, ಆದರೆ ಒಪ್ಪಿಕೊಂಡಳೋ ಇಲ್ಲವೋ ಹೇಳಿಯೂ ಇರಲಿಲ್ಲ. "ಸೀರೆ ಉಟ್ಟು ಬರ್ತೇನೆ" ಎಂದೆ. ಅಮ್ಮ "ಕುಕ್ಕರ್ ಕೂಗ್ತಾ ಉಂಟು, ಇಡ್ತೇನೆ" ಎಂದಳು. ಕುಕ್ಕರಿನ ಸದ್ದು ನನಗೆ ಕೇಳಿಸಲಿಲ್ಲ. ನೆಂಟರ ಎದುರಿಗೆ ಅಮ್ಮ ನನ್ನನ್ನು ಎಲ್ಲಿ ನಿಲ್ಲಿಸುತ್ತಾಳೆ ಎಂಬ ಹೆದರಿಕೆ ಅವತ್ತಿನಿಂದ ಹತ್ತಿಕೊಂಡಿತು.

ಸೀರೆ ಕೊಂಡದ್ದಾಯಿತು. ಅಳತೆ ರವಿಕೆ ಎಲ್ಲಿಂದ ತರುವುದು? ಬಂಟ್ವಾಳಕ್ಕೆ ಹೋಗಿ, ಗುರುತಿನವರಿಲ್ಲದ ಅಂಗಡಿಯಲ್ಲಿ ಒಂದು ರೆಡಿಮೇಡ್ ರವಿಕೆ ತಂದೆ. ಮೊದಲೇ ಹೇಳಿದ ಒಗೆತವೆಲ್ಲ ಆದ ಮೇಲೆ ಅದನ್ನು ಲಾಯಿಲದ ಟೈಲರ್ ಜೊಹರಕ್ಕನ ಮುಂದಿಟ್ಟು, "ನನ್ನ ಹಳೇದು" ಎಂದೆ. ಜೊಹರಕ್ಕನ ಗಂಡ ದುಬೈಯಲ್ಲಿ, ಮಕ್ಕಳು ಉಜಿರೆಯ ಕಾಲೇಜಿನಲ್ಲಿ, ತಾವು ಇಡೀ ದಿನ ಹೊಲಿಗೆ ಮಿಷನ್ನಿನ ಮುಂದೆ. ಅವರು ರವಿಕೆಯನ್ನು ಒಳಗು ಹೊರಗು ಮಾಡಿ ಒಮ್ಮೆ ನೋಡಿದರು.

"ಇದು ಅಂಗಡಿಯದ್ದು. ನೋಡಿ, ಮುಂದೆ ಬಿಡಿಸ್ಲಿಕ್ಕೆ ಒಳಗೆ ಬಟ್ಟೆಯೇ ಬಿಟ್ಟಿಲ್ಲ. ಇದನ್ನು ನೀವು ಹಾಕಿಯೂ ಇಲ್ಲ."

ನನ್ನ ಮುಖ ಏನಾಗಿರಬೇಕೆಂದು ನೀವೇ ಊಹಿಸಿ. ಅವರು ನಗಲಿಲ್ಲ. "ಮೊದಲ ಸಲವಾ? ಹಾಗಾದ್ರೆ ಅಮ್ಮನದ್ದು ತನ್ನಿ. ಎಲ್ಲ ಹೆಣ್ಣು ಮಕ್ಕಳೂ ಮೊದಲಿಗೆ ಅಮ್ಮನದ್ದೇ ತರುವುದು. ಆಮೇಲೆ ಹೆಚ್ಚು ಕಡಿಮೆ ನಾನು ಮಾಡ್ತೇನೆ."

ಅಮ್ಮನ ಹತ್ತಿರ ರವಿಕೆ ಕೇಳುವುದಕ್ಕಿಂತ ಕಿಡ್ನಿ ಕೇಳುವುದು ಸುಲಭವಿತ್ತು. ಎರಡು ದಿನ ಒದ್ದಾಡಿ ಕೇಳಿದೆ. "ನಾಳೆ ಬಸ್ಸಿನಲ್ಲಿ ಕಳಿಸ್ತೇನೆ" ಎಂದಳು. ನಮ್ಮಲ್ಲಿ ಹಲಸಿನ ಹಪ್ಪಳದಿಂದ ಜಾತಕದವರೆಗೆ ಎಲ್ಲವೂ ಬಸ್ಸಿನ ಡ್ರೈವರನ ಪಕ್ಕದಲ್ಲೇ ಊರು ಸುತ್ತುವುದು. ನನ್ನ ಪೊಟ್ಟಣವೂ ವೇಣೂರು ದಾಟಿ ಹಾಗೆಯೇ ಬಂತು. ಮೇಲೆ ಫೋನ್ ನಂಬರು ಮಾತ್ರ ಇತ್ತು, ನನ್ನ ಹಳೆಯ ಹೆಸರೂ ಇಲ್ಲ, ಹೊಸದೂ ಇಲ್ಲ. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಿಚ್ಚಿ ನೋಡಿದರೆ ಅಮ್ಮನ ನೀಲಿ ರವಿಕೆಯ ಭುಜದ ಹೊಲಿಗೆಯನ್ನೂ ಕಂಕುಳ ಹೊಲಿಗೆಯನ್ನೂ ಬಿಡಿಸಿ, ಅಗಲ ಮಾಡಿ, ಕೈಯಲ್ಲೇ ಮತ್ತೆ ಹೊಲಿದಿತ್ತು. ಫೋನು ಮಾಡಿದೆ. "ನಿನ್ನದು ಅಪ್ಪನ ಭುಜ, ಸಾಕಾಗ್ಲಿಕ್ಕಿಲ್ಲ" ಎಂದಳು, ಇಟ್ಟಳು.

ಜೊಹರಕ್ಕ ಆ ಕೈಹೊಲಿಗೆಯ ಮೇಲೆ ಬೆರಳಾಡಿಸಿ, "ನಿಮ್ಮ ಅಮ್ಮನಿಗೆ ಕೆಲಸ ಗೊತ್ತುಂಟು" ಎಂದರು. ಮತ್ತೆ, ಹೊಸದಾಗಿ ಮದುವೆಯಾದವರಿಗೆ ಹೇಳುವ ಧಾಟಿಯಲ್ಲೇ, "ಒಳಗೆ ಬಟ್ಟೆ ಬಿಟ್ಟು ಎರಡು ಹೊಲಿಗೆ ಹಾಕ್ತೇನೆ. ಮೈ ಇನ್ನೂ ತುಂಬ್ತದೆ, ಆರು ತಿಂಗಳಲ್ಲಿ ಬಿಡಿಸ್ಬೇಕಾದೀತು" ಎಂದರು. ನನ್ನ ಮೈಯ ನಾಳೆಯ ಬಗ್ಗೆ ಡಾಕ್ಟರನ್ನು ಬಿಟ್ಟು ಬೇರೆ ಯಾರೂ ಹೀಗೆ ನಿಶ್ಚಿಂತೆಯಿಂದ ಮಾತಾಡಿರಲಿಲ್ಲ. ಆ ಖುಷಿಯಲ್ಲಿ "ಬೆನ್ನು ಸ್ವಲ್ಪ ಇಳಿಸುವ" ಎಂದು ಅವರು ಅಂದಾಗ ನಾನು ಹೂಂ ಎಂದುಬಿಟ್ಟೆ.

ಒಕ್ಕಲಿನ ದಿನ ಗಂಡಸರು ಶಾಮಿಯಾನದ ಕೆಳಗೆ, ಹೆಂಗಸರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ರೇಷ್ಮೆಯ ಪಟ್ಟೆ ಸೀರೆ ಉಡುವ ಗದ್ದಲದಲ್ಲಿ. ನಾನು ಎರಡರ ನಡುವೆ ಜಗಲಿಯಲ್ಲಿ ನಿಂತು, ತಮ್ಮನ ಮನೆಯ ಗೋಡೆಯ ಬಣ್ಣವನ್ನು ಇಂಜಿನಿಯರಿನ ಹಾಗೆ ಪರೀಕ್ಷಿಸುತ್ತಿದ್ದೆ. ಬಣ್ಣದಲ್ಲಿ ಏನೂ ದೋಷವಿರಲಿಲ್ಲ. ಆದರೂ ನೋಡುತ್ತಲೇ ಇದ್ದೆ.

ಬಾಗಿಲು ಗೇಣಷ್ಟು ತೆರೆಯಿತು. ಅಮ್ಮ. "ಅಲ್ಲಿ ಎಂತ ನಿಂತದ್ದು? ಒಳಗೆ ಬಾ. ದೊಡ್ಡಮ್ಮನ ಸೆರಗಿಗೆ ಪಿನ್ನು ಹಾಕ್ಲಿಕ್ಕೆ ನನಗೆ ಕಣ್ಣು ಕಾಣುದಿಲ್ಲ."

ಹೋದೆ. ಒಳಗೆ ಅರ್ಧ ಸೀರೆ ಉಟ್ಟ ಐದಾರು ಹೆಂಗಸರಿದ್ದರು. ಯಾರೋ ಒಬ್ಬರು ಟವೆಲು ಸರಿ ಮಾಡಿಕೊಂಡರು, ಉಳಿದವರು ತಲೆಯೆತ್ತಲೂ ಇಲ್ಲ. ದೊಡ್ಡಮ್ಮನಿಗೆ ಪಿನ್ನು ಹಾಕಿದೆ. ಅಷ್ಟರಲ್ಲಿ ಅಮ್ಮ ನನ್ನನ್ನು ಹಿಂದಿನಿಂದ ನೋಡಿದಳು.

"ಇದೆಂತ ಇದು? ಬೆನ್ನು ಇಡೀ ಹೊರಗೆ. ನಾನು ಕೊಟ್ಟ ಅಳತೆಯಲ್ಲಿ ಇಷ್ಟು ಇಳಿದಿತ್ತಾ?"

"ಟೈಲರ್ ಹೇಳಿದ್ರು..."

"ಟೈಲರ್ ಹೇಳಿದ್ರೆ ನಿನಗೆ ಬುದ್ಧಿ ಬೇಡವಾ?"

"ಬಿಡು ಮಾರಾಯ್ತಿ, ಈಗಿನ ಹುಡುಗಿಯರು ಹಾಗೆಯೇ" ಎಂದರು ದೊಡ್ಡಮ್ಮ.

"ಎಂತ ಹುಡುಗಿ, ಮೂವತ್ತೆಂಟು ಆಯ್ತು" ಎಂದು ಅಮ್ಮ ನನ್ನ ಸೆರಗನ್ನು ಬೆನ್ನಿನ ಮೇಲೆ ಎಳೆದು, ಸೊಂಟಕ್ಕೆ ಸಿಕ್ಕಿಸಿದಳು. ನನಗೆ ಅಳು ಬಂತು. ಅವಳು ಅದನ್ನು ಬೈಗುಳದ ಅಳು ಎಂದುಕೊಂಡು, "ಅದಕ್ಕೆಲ್ಲ ಅಳ್ಲಿಕ್ಕಿಲ್ಲ, ಮುಂದಿನದ್ದು ಸರಿ ಹೊಲಿಸು" ಎಂದಳು.

ಮೊನ್ನೆ ಇನ್ನೊಂದು ಬಟ್ಟೆ ಹಿಡಿದು ಜೊಹರಕ್ಕನಲ್ಲಿಗೆ ಹೋದೆ. "ಬೆನ್ನು ಎಷ್ಟು ಇಡುವ?" ಎಂದು ಕೇಳಿದರು. ಮೊದಲಿನಷ್ಟೇ ಇರಲಿ, ಒಂದು ಬೆರಳು ಹೆಚ್ಚು ಇಳಿಸಿದರೂ ಅಡ್ಡಿಯಿಲ್ಲ ಎಂದೆ. ಮುಂದಿನ ತಿಂಗಳು ಅಮ್ಮನನ್ನು ನೋಡಲಿಕ್ಕೆ ಹೋಗುವುದುಂಟು.