ಗೋಪಾಲಯ್ಯನವರು ಕೂತ ಮರಗಳು

ಮರದ ಬುಡದಲ್ಲಿ ಕೂರುವ ಮುನ್ನ ಗೋಪಾಲಯ್ಯನವರು ಚಪ್ಪಲಿಗಳನ್ನು ದೂರದಲ್ಲೇ ಬಿಟ್ಟು, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಕನ್ನಡಕವನ್ನು ಜೇಬಿಗಿಳಿಸುತ್ತಿದ್ದರು. ಆಮೇಲೆ ಕಾಂಡಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರೆ ಮುಗಿಯಿತು. ವಿಜಯನಗರದ ನಮ್ಮ ಅಡ್ಡರಸ್ತೆಯ ಆಟೊ, ತರಕಾರಿ ಗಾಡಿ, ನೀರಿನ ಟ್ಯಾಂಕರ್ ಯಾವುದೂ ಅವರನ್ನು ಅಲುಗಿಸುತ್ತಿರಲಿಲ್ಲ. ಕಾಲಿಗೆ ಇರುವೆ ಹತ್ತಿದರೆ ಮಾತ್ರ, ಕಣ್ಣು ತೆರೆಯದೆಯೇ, “ನಿನ್ ದಾರಿ ನೀನ್ ನೋಡ್ಕೊ ತಾಯಿ” ಎನ್ನುತ್ತಿದ್ದರು.

ಈ ಅಭ್ಯಾಸ ಶುರುವಾದದ್ದು ಅವರು ವಿಮಾ ಕಚೇರಿಯಿಂದ ನಿವೃತ್ತರಾದ ವರ್ಷವೆಂದು ನಾನು ಬಹುಕಾಲ ನಂಬಿದ್ದೆ. ಅವರ ಪತ್ನಿ ಲಲಿತಮ್ಮನವರು ಅದು ಮಗಳ ಮದುವೆಯ ವರ್ಷವೆಂದರು. ಲಗ್ನಪತ್ರಿಕೆಯನ್ನು ತರಿಸಿ ನೋಡಿದಾಗ ಮದುವೆ ನಿವೃತ್ತಿಯ ಮರುವರ್ಷ ನಡೆದದ್ದು ಖಚಿತವಾಯಿತು. ಲಲಿತಮ್ಮನವರ ಮಾತನ್ನೇ ಇಲ್ಲಿ ಸ್ವೀಕರಿಸಿದ್ದೇನೆ.

ಹೀಗೆ ಕೂತರೆ ಏನು ಸಿಗುತ್ತದೆಂದು ಒಮ್ಮೆ ಕೇಳಿದೆ.

“ಏನೂ ಸಿಗಲ್ಲ ಸಾರ್. ಸಿಗ್ಲಿ ಅಂತ ಕೂತ್ರೆ ಅದು ಕ್ಯೂ ಆಗುತ್ತೆ” ಎಂದರು. “ಇವತ್ತು ಒಂದ್ ಎಲೆ ಬಿತ್ತು. ಬಿದ್ದಿದ್ದು ನಾನೋ ಎಲೆನೋ ಗೊತ್ತಾಗ್ಲಿಲ್ಲ. ಆಮೇಲೆ ಕಾಫಿ ನೆನಪಾಯ್ತು, ಗೊತ್ತಾಯ್ತು.”

ಅವರ ಮೊದಲ ಮರ ಒಂದು ಹೊಂಗೆ. ಕೆಲವು ತಿಂಗಳಲ್ಲಿ ಅದರ ಕಾಂಡಕ್ಕೆ ಅರಿಶಿನ ಕುಂಕುಮ ಬಿತ್ತು. ಬಳಿಕ ದಾರ ಸುತ್ತಿದರು; ಬುಡಕ್ಕೊಂದು ಕಲ್ಲು ಬಂತು. ಗೋಪಾಲಯ್ಯನವರು ಎದುರುಮನೆಯ ವಿಮಲಮ್ಮನನ್ನು ವಿಚಾರಿಸಿದರು.

“ನೀವ್ ಕೂತಿದ್ದಕ್ಕೇ ಸಾರ್ ನಮಗೆ ಗೊತ್ತಾಗಿದ್ದು. ಸುಮ್‌ಸುಮ್ನೆ ಯಾರಾದ್ರೂ ಮರದ ಕೆಳಗೆ ಕಣ್ ಮುಚ್ಕೊಂಡು ಕೂತ್ಕೋತಾರಾ?”

“ನಾನ್ ಕೂತ್ಕೋತೀನಲ್ಲಮ್ಮ.”

“ಅದೇ ನಾನೂ ಹೇಳ್ತಿರೋದು.”

ನಾನು ಶಾಸನ ಸಂಶೋಧಕನಾಗಿದ್ದವನೆಂದು ತಿಳಿದಿದ್ದ ಭಕ್ತರು ಕಲ್ಲಿನ ಕಾಲವನ್ನು ನಿರ್ಣಯಿಸಲು ನನ್ನನ್ನು ಕರೆದರು. ಅದು ಒಡೆದ ಒರಳಿನ ಅರ್ಧಭಾಗವೆಂದೂ ಹಿಟ್ಟು ರುಬ್ಬಿದ ಸವೆತ ಸ್ಪಷ್ಟವಾಗಿದೆಯೆಂದೂ ಹೇಳಿದೆ. ಅವರು ಗೌರವದಿಂದ ಕೇಳಿಸಿಕೊಂಡು ಫಲಕದ ಮೇಲೆ ‘ಪುರಾತನ’ ಎಂದು ಬರೆಸಿದರು. ಕಟ್ಟೆಗೆ ಟೈಲ್ಸ್, ಕೊಂಬೆಗೆ ಧ್ವನಿವರ್ಧಕ ಬಂದ ಮೇಲೆ ಒಂದು ಬೆಳಿಗ್ಗೆ ಯಾರೋ ಗೋಪಾಲಯ್ಯನವರ ಭುಜ ತಟ್ಟಿದರು: “ಪ್ರದಕ್ಷಿಣೆಗೆ ಅಡ್ಡ ಆಗುತ್ತೆ ಯಜಮಾನ್ರೆ, ಸ್ವಲ್ಪ ಆ ಕಡೆ.”

ಮರದ ಮಹಿಮೆಯೋ ತಮ್ಮ ದೋಷವೋ ಎಂಬುದು ಅವರಿಗೆ ತಿಳಿಯಬೇಕಿತ್ತು. ಮರವೇ ಇಲ್ಲದ ತಿರುವಿನಲ್ಲಿ, ವಿದ್ಯುತ್ ಟ್ರಾನ್ಸ್‌ಫಾರ್ಮರ್‌ನ ಎದುರು, ರಸ್ತೆಯ ಈಚೆ ಬದಿಯ ಚಪ್ಪಡಿಯ ಮೇಲೆ ಕಣ್ಣು ಮುಚ್ಚಿ ಕೂತರು. ವಾರದೊಳಗೆ ಅದರ ಬೇಲಿಗೆ ಸೇವಂತಿಗೆ ಹಾರ ಬಿತ್ತು. ಫ್ಯೂಸ್ ಹಾಕಲು ಬಂದ ಲೈನ್‌ಮನ್ ಬೂಟು ಬಿಚ್ಚಿಟ್ಟು ಒಳಹೋಗಲು ಹೊರಟಾಗ ಗೋಪಾಲಯ್ಯನವರು ಓಡಿಹೋಗಿ ಅವನನ್ನು ತಡೆದರು. “ಬೂಟ್ ಹಾಕ್ಕೊಳ್ಳಪ್ಪ. ಇದು ದೇವ್ರಲ್ಲ, ಕರೆಂಟು.”

ಅಂದಿನಿಂದ ಅವರು ಅಡಗಿ ಕೂರತೊಡಗಿದರು. ಮಾರೇನಹಳ್ಳಿಯ ಕಡೆ, ಮುಖ್ಯರಸ್ತೆಯ ಅಂಚಿನಲ್ಲಿ ಒಂದು ಭಾರಿ ಮಳೆಮರವಿತ್ತು. ಅದರ ಹಿಂದೆ, ಪಾಳು ಗೋಡೆಯ ಮರೆಯಲ್ಲಿ ಅವರ ಜಾಗ. ಯಾರೂ ನೋಡದೆ ಅಲ್ಲಿ ಎರಡು ಮಳೆಗಾಲ ಕಳೆದರು. ನನ್ನನ್ನೂ ಒಮ್ಮೆ ಕರೆದೊಯ್ದಿದ್ದರು. ಬೆನ್ನಿಗೆ ಒರಟು ತೊಗಟೆ ತಾಗಿತು. ಮೇಲೆಲ್ಲೋ ಗಾಳಿ ಬಂದದ್ದು ಕೆಳಗೆ ತಡವಾಗಿ ತಿಳಿಯಿತು. ನನ್ನ ವಯಸ್ಸಿನಲ್ಲಿ ಮೊದಲ ಬಾರಿಗೆ, ಅಷ್ಟು ಹೊತ್ತು, ಯಾವುದು ಯಾವಾಗ ಎಂದು ನಾನು ಕೇಳಿಕೊಳ್ಳಲಿಲ್ಲ.

ಆಮೇಲೆ ರಸ್ತೆ ಅಗಲೀಕರಣಕ್ಕೆಂದು ಆ ಮರದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದರು. ಮನವಿಗಳು ಹೋದವು, ಉತ್ತರ ಬರಲಿಲ್ಲ. ಗೋಪಾಲಯ್ಯನವರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ನನ್ನ ಬಾಗಿಲಿಗೆ ಬಂದರು.

“ಮುಂದ್ಗಡೆ ಹೋಗಿ ಕೂತ್ಬಿಡ್ತೀನಿ ಸಾರ್.”

“ಆಮೇಲೆ ನಿಮಗೆ ಅಲ್ಲಿ ಜಾಗ ಉಳಿಯಲ್ಲ” ಎಂದೆ.

“ಗೊತ್ತು. ಅದಕ್ಕೇ ಎರಡ್ ದಿನ ಹಿಡೀತು.”

ಮರದ ಮುಂದೆ, ಬಸ್ ನಿಲ್ದಾಣಕ್ಕೆ ಎದುರಾಗಿ, ಜನ ತುಂಬಿದ ಹೊತ್ತಿನಲ್ಲಿ ಕೂತರು. ಗರಗಸದವರು ಬರುವ ವೇಳೆಗೆ ಮರಕ್ಕೆ ದಾರ, ಕುಂಕುಮ, ತೊಟ್ಟಿಲು, ತ್ರಿಶೂಲ ಎಲ್ಲವೂ ಇದ್ದವು. ಬಂದವರು ಕೈಮುಗಿದು, ತೀರ್ಥ ತೆಗೆದುಕೊಂಡು ಹಿಂದಿರುಗಿದರು. “ಪ್ಲಾನ್‌ನಲ್ಲಿ ಗುಡಿ ತೋರ್ಸಿಲ್ವಲ್ರೀ” ಎಂದು ಗೊಣಗುತ್ತ ಎಂಜಿನಿಯರ್ ರಸ್ತೆಯನ್ನು ಬಳಸಿ ಹಾಕಿಸಿದರು. ಗೋಪಾಲಯ್ಯನವರ ಪಾಳು ಗೋಡೆಯ ಜಾಗದಲ್ಲಿ ಪ್ರಸಾದದ ಅಡುಗೆಮನೆ ಎದ್ದಿತು.

ಅವರು ತೀರಿಕೊಂಡದ್ದು ಕಳೆದ ಮಾರ್ಗಶಿರದಲ್ಲಿ. ತಿಥಿಯನ್ನು ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಅದಕ್ಕೆ ಕೆಲವೇ ದಿನ ಮೊದಲು ಆ ಮರದೆದುರು ಸಿಕ್ಕಿದ್ದರು. ಗಂಟೆ, ಭಜನೆ, ಕರ್ಪೂರದ ಹೊಗೆಯ ನಡುವೆ ಅವರು ಕತ್ತೆತ್ತಿ ನಿಂತಿದ್ದರು. ತುದಿಯ ಕೊಂಬೆಯಲ್ಲಿ ಹದ್ದಿನ ಗೂಡು. ಅದರಾಚೆ ಬಿಸಿಲಲ್ಲಿ ಅಲುಗುವ ಎಲೆ.

“ಮೇಲ್ಗಡೆಗೆ ಯಾರೂ ಬಂದಿಲ್ಲ ಸಾರ್ ಇನ್ನೂ” ಎಂದರು. ಆ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನೂ ಕತ್ತೆತ್ತಿದೆ. ಇಬ್ಬರೂ ನೋಡುತ್ತ ನಿಂತೆವು.

ನಮ್ಮ ಹಿಂದೆ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತಳು. ಅವಳೂ ಮೇಲೆ ನೋಡಿದಳು. ಚೀಲವನ್ನು ಕೆಳಗಿಟ್ಟು ಕೈಮುಗಿದಳು.

ಗೋಪಾಲಯ್ಯನವರು ಥಟ್ಟನೆ ಕತ್ತು ಬಗ್ಗಿಸಿ ನನ್ನ ಮೊಣಕೈ ಹಿಡಿದರು. “ನಡೀರಿ ಸಾರ್, ನಡೀರಿ. ನೋಡ್ಬಿಟ್ರು.”